ಕರಾವಳಿಯ ತೇವದಲ್ಲಿ ಟರ್ಬಿಡಿಟಿ ಮೀಟರ್ ಜೋಡಣೆ: ಲೆನ್ಸಿನಿಂದ ಬೆಸುಗೆಯವರೆಗೆ ಸಮಗ್ರ ಮಾರ್ಗದರ್ಶಿ

ಜೂನಿನ ಮೊದಲ ಜೋರು ಮಳೆಗೆ ನೇತ್ರಾವತಿಯೂ ಸ್ವರ್ಣೆಯೂ ಕೆಂಪಾಗಿ ಹರಿಯತೊಡಗುತ್ತವೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರಿಗೆ, ಬಜೆಯಿಂದ ಉಡುಪಿಗೆ ಬರುವ ನೀರಿನ ಕದಡನ್ನು ಅಳೆಯಬೇಕಾದ್ದು ಆಗಲೇ. ಅಳೆಯುವ ಉಪಕರಣ, ಅಂದರೆ ಟರ್ಬಿಡಿಟಿ ಮೀಟರ್, ಕೈಕೊಡುವುದೂ ಆಗಲೇ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಊರುಗಳಲ್ಲಿ ಬೆಳಕಿನ ಭಾಗಗಳನ್ನೂ ಎಲೆಕ್ಟ್ರಾನಿಕ್ಸನ್ನೂ ಒಂದೇ ಪೆಟ್ಟಿಗೆಯೊಳಗೆ ಕೂರಿಸುವವರು ಮಿಲಿಮೀಟರಿನ ಲೆಕ್ಕದಷ್ಟೇ ಗಂಭೀರವಾಗಿ ತೇವದ ಲೆಕ್ಕವನ್ನೂ ಇಡಬೇಕು. ಕಾಲೇಜು ಪ್ರಯೋಗಾಲಯದಲ್ಲಿ ಅಥವಾ ಪಂಚಾಯತಿನ ನೀರಿನ ಘಟಕದಲ್ಲಿ ದಿನನಿತ್ಯದ ಅಳತೆಗೆ ಒದಗುವ ಒಂದು ಮೀಟರನ್ನು ಜೋಡಿಸುವ ಕ್ರಮ ಇಲ್ಲಿದೆ. ಪ್ರಮಾಣಪತ್ರ ಕೊಡುವ ಪರೀಕ್ಷೆಗೆ ಇದನ್ನು ಬಳಸುವಂತಿಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500:2012 ಹೇಳುವ ಮಿತಿ 1 ಎನ್‌ಟಿಯು (ಕದಡನ್ನು ಅಳೆಯುವ ಮಾನ). ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ. ಅಂದರೆ ನಮ್ಮ ಮೀಟರು ಸೊನ್ನೆಯ ಹತ್ತಿರವೇ ನಂಬಿಕೆಗೆ ಅರ್ಹವಾಗಿರಬೇಕು. ಕಷ್ಟ ಇರುವುದೂ ಅಲ್ಲಿಯೇ.

ವಿನ್ಯಾಸ ಮತ್ತು ಸಾಮಗ್ರಿ

ಕದಡಿನ ಅಳತೆಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 7027ರ ದಾರಿ ಹಿಡಿಯೋಣ: 860 ನ್ಯಾನೋಮೀಟರಿನ ಅವಕೆಂಪು ಬೆಳಕನ್ನು ನೀರಿಗೆ ಹಾಯಿಸಿ, 90 ಡಿಗ್ರಿಯಲ್ಲಿ ಚದುರಿ ಬಂದದ್ದನ್ನು ಅಳೆಯುವುದು. ಕೋನದಲ್ಲಿ ಎರಡೂವರೆ ಡಿಗ್ರಿಯಷ್ಟು ಸಡಿಲವಿದೆ. ಈ ತರಂಗಾಂತರ ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಮುರಕಲ್ಲಿನ ಬಾವಿ ನೀರಿಗೆ ಕಬ್ಬಿಣದ ಬಣ್ಣ ಇದ್ದರೂ ಅವಕೆಂಪು ಬೆಳಕನ್ನು ಆ ಬಣ್ಣ ಹೆಚ್ಚು ನುಂಗುವುದಿಲ್ಲ; ಬಿಳಿ ಬಲ್ಬಿನ ಮೀಟರಿನಲ್ಲಿ ಬಣ್ಣವೂ ಕದಡೂ ಬೆರೆತುಹೋಗುತ್ತವೆ.

ಬೆಳಕಿಗೆ ಎಸ್‌ಎಫ್‌ಎಚ್ 4550 ಎಲ್‌ಇಡಿ ಒಂದು (5 ಮಿ.ಮೀ., ಕಿರಿದಾದ ಕಿರಣ). ಗ್ರಾಹಕಕ್ಕೆ ಬಿಪಿಡಬ್ಲ್ಯು 34 ಫೋಟೋಡಯೋಡ್ ಎರಡು: ಒಂದು ಚದುರಿದ ಬೆಳಕಿಗೆ, ಇನ್ನೊಂದು ಎಲ್‌ಇಡಿಯ ಮೇಲೆ ಕಣ್ಣಿಡಲು. ಡಯೋಡಿನ ಸಣ್ಣ ಪ್ರವಾಹವನ್ನು ಹಿಗ್ಗಿಸಲು ಎಂಸಿಪಿ 6002 ಆಪ್-ಆಂಪ್, ವೋಲ್ಟೇಜನ್ನು ಅಂಕಿಗಳಾಗಿಸಲು ಎಡಿಎಸ್ 1115 ಮಾಡ್ಯೂಲ್, 3.3 ವೋಲ್ಟಿನ ಯಾವುದಾದರೂ ಮೈಕ್ರೋಕಂಟ್ರೋಲರ್, ಬಿಸಿ 337 ಟ್ರಾನ್ಸಿಸ್ಟರ್. 12 ಮಿ.ಮೀ. ಅಗಲ, 15 ಮಿ.ಮೀ. ಫೋಕಲ್ ದೂರದ ಪ್ಲಾನೋ-ಕಾನ್ವೆಕ್ಸ್ (ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು) ಲೆನ್ಸ್ ಒಂದು. ಸೂಕ್ಷ್ಮದರ್ಶಕದ ಕವರ್ ಗ್ಲಾಸ್ ಮತ್ತು 1 ಮಿ.ಮೀ. ದಪ್ಪದ ಸ್ಲೈಡ್. 25 ಮಿ.ಮೀ. ವ್ಯಾಸದ ಗಾಜಿನ ಸ್ಯಾಂಪಲ್ ಬಾಟಲಿಗಳು. ಒಂದೇ ಪೆಟ್ಟಿಗೆಯಿಂದ ಆರಿಸಿದರೆ ಒಳ್ಳೆಯದು. ಲೆನ್ಸೊಂದನ್ನು ಆನ್‌ಲೈನಿನಲ್ಲಿ ತರಿಸಬೇಕಾದೀತು. ಉಳಿದವು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಸಿಗುತ್ತವೆ.

ಮೊದಲು ಒಣ ಪೆಟ್ಟಿಗೆ

ಭಾಗಗಳು ಕೈಗೆ ಬರುವ ಮುಂಚೆಯೇ ಇದು ತಯಾರಿರಲಿ. 20 ಲೀಟರಿನ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಳಗೊಂದು ಹೈಗ್ರೋಮೀಟರ್ ಸಾಕು. ತೇವಾಂಶ 35ರಿಂದ 45 ಶೇಕಡದ ನಡುವೆ ಇರಬೇಕು. ಜೆಲ್ ಹಸಿರಿಗೆ ತಿರುಗಿದರೆ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ ಮರುಬಳಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದನ್ನು ಅಡುಗೆಯ ಓವನ್ನಿಗೆ ಹಾಕಲೇಬೇಡಿ.

ಏಸಿ ಕೋಣೆಯಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ್ದು ಇಬ್ಬನಿ ಬಿಂದು. ಹೊರಗೆ 28 ಡಿಗ್ರಿ, ತೇವಾಂಶ 90 ಶೇಕಡ ಇದ್ದರೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕೂರುತ್ತದೆ. ಏಸಿಯಲ್ಲಿ 24ಕ್ಕೆ ತಣಿದ ಅಲ್ಯೂಮಿನಿಯಂ ಬ್ಲಾಕನ್ನು ಹೊರಗೆ ತಂದ ಕೂಡಲೇ ಬೆವರುತ್ತದೆ, ಲೆನ್ಸಿನ ಹಿಂಬದಿಯೂ ಸೇರಿ. ಜಿಪ್ ಚೀಲದಲ್ಲಿ ಹಾಕಿ ಹೊರಗಿಟ್ಟು, ಬ್ಲಾಕು ಕೋಣೆಯ ಬಿಸಿಗೆ ಬಂದ ಮೇಲೆಯೇ ಚೀಲ ತೆರೆಯಿರಿ. ಒಂದು ಕಿಲೋ ಲೋಹಕ್ಕೆ ಒಂದೆರಡು ಗಂಟೆ ಬೇಕಾಗುತ್ತದೆ.

ಸರ್ಫೇಸ್ ಮೌಂಟ್ ಭಾಗಗಳನ್ನು ರೀಫ್ಲೋ ಮಾಡುವವರಿಗೆ (ಬೋರ್ಡಿನ ಸಮೇತ ಕಾಯಿಸಿ ಬೆಸೆಯುವವರಿಗೆ) ಒಂದು ಮಾತು: ಚೀಲ ತೆರೆದ ಮೇಲೆ ಎಷ್ಟು ಹೊತ್ತಿನೊಳಗೆ ಬೆಸೆಯಬೇಕೆಂದು ಅದರ ಮೇಲೆ ಬರೆದ 168 ಗಂಟೆ, 72 ಗಂಟೆ ಎಂಬ ಅವಧಿಗಳು 30 ಡಿಗ್ರಿ, 60 ಶೇಕಡ ತೇವಾಂಶದ ಕೋಣೆಗೆ ಮಾತ್ರ. ಜುಲೈಯ ಸುರತ್ಕಲ್ಲಿಗೆ ಆ ಲೆಕ್ಕ ಹೊಂದುವುದಿಲ್ಲ.

ಬ್ಲಾಕ್ ಕೊರೆಸುವುದು

ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಕೈಗಾರಿಕಾ ಪ್ರದೇಶದ ಯಾವುದೇ ಒಳ್ಳೆಯ ಲೇತ್-ಮಿಲ್ಲಿಂಗ್ ಶಾಪಿನಲ್ಲಿ ಇದು ಆಗುವ ಕೆಲಸ. 110 × 90 × 45 ಮಿ.ಮೀ. ಅಲ್ಯೂಮಿನಿಯಂ ತುಂಡಿನಲ್ಲಿ ಬಾಟಲಿಗೆ ಮೇಲಿನಿಂದ 25.6 ಮಿ.ಮೀ. ಗುಂಡಿ, ಅದರ ಅಕ್ಷಕ್ಕೆ ಸರಿಯಾಗಿ, ತಳದಿಂದ 20 ಮಿ.ಮೀ. ಎತ್ತರದಲ್ಲಿ, ಒಂದಕ್ಕೊಂದು ಲಂಬವಾಗಿ ಎರಡು ಅಡ್ಡ ರಂಧ್ರ: ಒಂದು ಎಲ್‌ಇಡಿಯ ಕಿರಣಕ್ಕೆ, ಇನ್ನೊಂದು ಲೆನ್ಸು ಮತ್ತು ಡಯೋಡಿಗೆ. ಗುಂಡಿಯ ತಳಕ್ಕೆ 3 ಮಿ.ಮೀ. ತೂತು ಬೇಕೇ ಬೇಕು. ಚೆಲ್ಲಿದ ನೀರು ಅಲ್ಲಿಂದ ಇಳಿದುಹೋಗಲಿ.

ಲಂಬ ಕೋನದ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ, ಆದರೆ ಅದು ಸುಲಭದ ಭಾಗ. 60 ಮಿ.ಮೀ. ಉದ್ದದಲ್ಲಿ ಎರಡೂವರೆ ಡಿಗ್ರಿ ಎಂದರೆ 2.6 ಮಿ.ಮೀ. ವಾಲಿಕೆ, ಯಾವ ಮಿಲ್ಲಿಂಗ್ ಯಂತ್ರವೂ ಅಷ್ಟು ತಪ್ಪುವುದಿಲ್ಲ. ನಿಜವಾದ ಶತ್ರು ಅಕ್ಷ ಪಕ್ಕಕ್ಕೆ ಜಾರುವುದು. ನೀರು ತುಂಬಿದ ದುಂಡನೆಯ ಬಾಟಲಿ ಸ್ವತಃ ಒಂದು ಲೆನ್ಸ್. ಕಿರಣ ಬಾಟಲಿಯ ನಡುಮಧ್ಯದಿಂದ 1 ಮಿ.ಮೀ. ಪಕ್ಕಕ್ಕೆ ಬಿದ್ದರೆ ನೀರಿನೊಳಗೇ 1.1 ಡಿಗ್ರಿ ತಿರುಗುತ್ತದೆ, ಹೊರಬರುವಾಗ ಒಟ್ಟು 2.3 ಡಿಗ್ರಿ. ನಮಗಿದ್ದ ಸಡಿಲದ ಅರ್ಧದಷ್ಟು ಒಂದೇ ಮಿಲಿಮೀಟರಿನಲ್ಲಿ ಖರ್ಚು! ಆದ್ದರಿಂದ ಶಾಪಿನವರಿಗೆ ಹೇಳಬೇಕಾದ ಮುಖ್ಯ ಅಳತೆ ಇದು: ಮೂರೂ ಅಕ್ಷಗಳು 0.1 ಮಿ.ಮೀ. ಒಳಗೆ ಒಂದೇ ಬಿಂದುವಿನಲ್ಲಿ ಸೇರಬೇಕು. ಬ್ಲಾಕನ್ನು ವೈಸಿನಿಂದ ಬಿಚ್ಚದೆ, ಮೊದಲು ಬಾಟಲಿಯ ಗುಂಡಿಯ ಮಧ್ಯವನ್ನು ಹಿಡಿದು ಅಲ್ಲಿಂದಲೇ ಅಳತೆ ಹಾಕಿ ಉಳಿದವನ್ನು ಗುರುತಿಸಿದರೆ ಇದು ಸಾಧ್ಯ.

ಬಾಟಲಿಗಳ ವ್ಯಾಸ ಒಂದಕ್ಕೊಂದು ಸ್ವಲ್ಪ ಬೇರೆ ಇರುತ್ತದೆ. ಗುಂಡಿಯಲ್ಲಿ ಸಡಿಲ ಬಿಟ್ಟಿರುವುದು ಅದಕ್ಕೇ. ಎರಡು ನೈಲಾನ್ ಪಟ್ಟಿಗಳ ಕಡೆಗೆ ಬಾಟಲಿಯನ್ನು ಒತ್ತುವ ಒಂದು ತೆಳು ಸ್ಪ್ರಿಂಗ್ ಪಟ್ಟಿ ಕೂರಿಸಿದರೆ ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಇದರ ಜೊತೆಗೆ ಬಾಟಲಿಯದೇ ವ್ಯಾಸದ, ಅದೇ ಕಿರಣದ ಎತ್ತರದಲ್ಲಿ ನಡುವೆ 2 ಮಿ.ಮೀ. ಅಡ್ಡ ರಂಧ್ರವಿರುವ ಒಂದು ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಗೂಟವನ್ನೂ ಕಡೆಸಿಕೊಳ್ಳಿ. ಹೊಂದಾಣಿಕೆಯೆಲ್ಲ ಇದರ ಮೇಲೆಯೇ ನಿಂತಿದೆ.

ಕಪ್ಪು ಬಣ್ಣದ ವಿಚಾರದಲ್ಲಿ ಕಣ್ಣನ್ನು ನಂಬಬೇಡಿ. ಬಣ್ಣದ ಪುಡಿ ಹಾಕಿ ಕಪ್ಪು ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಕಣ್ಣಿಗೆ ಕಪ್ಪು, ಅವಕೆಂಪು ಬೆಳಕಿಗೆ ಸಾಕಷ್ಟು ಹೊಳಪು. 3ಡಿ ಪ್ರಿಂಟಿನ ಕೆಲವು ಕಪ್ಪು ಪ್ಲಾಸ್ಟಿಕ್ಕುಗಳ ಮೂಲಕ ಈ ಬೆಳಕು ನೇರ ಹಾದುಹೋಗುತ್ತದೆ. ಫೋನಿನ ಮುಂಬದಿ ಕ್ಯಾಮೆರಾದಲ್ಲಿ ನೋಡಿದರೆ ಗೊತ್ತಾಗುತ್ತದೆ. ಕಾರ್ಬನ್ ಬ್ಲ್ಯಾಕ್ ಇರುವ ಮ್ಯಾಟ್ ಬಣ್ಣವನ್ನೇ ಒಳಮೈಗೆ ಬಳಿಯಿರಿ. ದೀಪದ ಮಸಿ ಹಿಡಿಸುವ ಹಳೆಯ ಉಪಾಯ ಬೆಳಕನ್ನು ಚೆನ್ನಾಗಿ ನುಂಗುತ್ತದೆ ನಿಜ, ಆದರೆ ಬಿಡಿ ಮಸಿ ಉದುರಿ ಲೆನ್ಸಿಗೆ ಅಂಟುತ್ತದೆ. ಎಲ್‌ಇಡಿಯ ಎದುರು ಬದಿಗೆ, ಅಂದರೆ ಕಿರಣ ಹೋಗಿ ಸಾಯುವ ಕಡೆಗೆ, ಕನಿಷ್ಠ 20 ಮಿ.ಮೀ. ಆಳದ, ಶಂಕುವಿನ ತುದಿಯ ಕಪ್ಪು ಗುಂಡಿ ಇರಲಿ. ಚಪ್ಪಟೆ ತಳ ಇದ್ದರೆ ಬೆಳಕು ತಿರುಗಿ ಬಂದು ಸೊನ್ನೆಯನ್ನು ಕೆಡಿಸುತ್ತದೆ.

ಬೋರ್ಡ್: ಒಂದು ಕಾಲಿನ ಸುತ್ತ ಎಲ್ಲ ಎಚ್ಚರ

ಎಂಸಿಪಿ 6002ರ 2ನೇ ಕಾಲಿಗೆ ಫೋಟೋಡಯೋಡಿನ ಕ್ಯಾಥೋಡ್. 1 ಮತ್ತು 2ನೇ ಕಾಲಿನ ನಡುವೆ 10 ಮೆಗಾಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ 10 ಪಿಕೋಫ್ಯಾರಡ್. 3ನೇ ಕಾಲಿಗೂ ಡಯೋಡಿನ ಆನೋಡಿಗೂ ಸುಮಾರು 0.1 ವೋಲ್ಟ್ ಕೊಡಿ: 3.3 ವೋಲ್ಟಿನಿಂದ 100 ಕಿಲೋಓಮ್, ಅಲ್ಲಿಂದ ನೆಲಕ್ಕೆ 3.3 ಕಿಲೋಓಮ್ ಮತ್ತು 100 ನ್ಯಾನೋಫ್ಯಾರಡ್. ಆನೋಡ್ ಯಾವುದು ಎಂಬ ಅನುಮಾನವಿದ್ದರೆ ಡಯೋಡನ್ನು ಬೆಳಕಿಗೆ ಹಿಡಿದು ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿ. ಧನ ಬರುವ ಕಾಲೇ ಆನೋಡ್. ಇನ್ನೊಂದು ಡಯೋಡಿಗೆ ಅದೇ ಚಿಪ್ಪಿನ 5, 6, 7ನೇ ಕಾಲುಗಳು, ಇದೇ ಜೋಡಣೆ. ರೆಸಿಸ್ಟರ್ ಮಾತ್ರ 47 ಕಿಲೋಓಮಿನಿಂದ ಆರಂಭಿಸಿ, ರೀಡಿಂಗ್ 1ರಿಂದ 1.5 ವೋಲ್ಟ್ ಬರುವಂತೆ ಬದಲಿಸಿ.

ಎಲ್‌ಇಡಿಗೆ 5 ವೋಲ್ಟಿನಿಂದ 68 ಓಮ್, ಅರ್ಧ ವ್ಯಾಟಿನ ರೆಸಿಸ್ಟರ್. ಬಿಸಿ 337ರ ಬೇಸಿಗೆ 1 ಕಿಲೋಓಮ್. ಸುಮಾರು 50 ಮಿಲಿಆಂಪಿಯರ್ ಹರಿಯುತ್ತದೆ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ರೆಪ್ಪೆಯೂ ಮುಚ್ಚಿಕೊಳ್ಳುವುದಿಲ್ಲ. ಉರಿಯುವಾಗ ನೇರ ದಿಟ್ಟಿಸಬೇಡಿ.

ಈಗ ಮುಖ್ಯ ಸಂಗತಿ. 2ನೇ ಕಾಲಿಗೆ ಬರುವುದು ನ್ಯಾನೋಆಂಪಿಯರಿನ ಪ್ರವಾಹ. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿ 1 ಗಿಗಾಓಮಿನ ದಾರಿ ಮಾಡಿದರೂ 3.3 ವೋಲ್ಟಿನಿಂದ 3 ನ್ಯಾನೋಆಂಪಿಯರ್ ಸೋರುತ್ತದೆ. 10 ಮೆಗಾಓಮಿನಲ್ಲಿ ಅದು 32 ಮಿಲಿವೋಲ್ಟಿನ ತಪ್ಪು. ಎಲ್‌ಇಡಿ ಆರಿಸಿ ತೆಗೆದ ರೀಡಿಂಗನ್ನು ಕಳೆದರೆ ಈ ತಪ್ಪು ಹೋಗುತ್ತದಲ್ಲ ಎನ್ನಬಹುದು. ಹೋಗುತ್ತದೆ. ಹೋಗದಿರುವುದು ಇನ್ನೊಂದು: ಅದೇ ಕೊಳೆ 10 ಮೆಗಾಓಮ್ ರೆಸಿಸ್ಟರಿನ ಮೈಮೇಲೆ 100 ಮೆಗಾಓಮಿನ ದಾರಿ ಮಾಡಿದರೆ ಪ್ರವಾಹವನ್ನು ವೋಲ್ಟೇಜಾಗಿ ಹಿಗ್ಗಿಸುವ ಪ್ರಮಾಣವೇ (ಗೇನ್) 9 ಶೇಕಡ ಕುಸಿಯುತ್ತದೆ. ಯಾವ ಕಳೆಯುವಿಕೆಯೂ ಅದನ್ನು ಸರಿಮಾಡಲಾರದು. ಮಳೆ ಬಂದಾಗ ಮೀಟರು ನೀರು ಸ್ವಚ್ಛವಾಯಿತು ಎಂದು ಸುಳ್ಳು ಹೇಳುತ್ತದೆ.

ಆದ್ದರಿಂದ 2ನೇ ಕಾಲನ್ನು ಬೋರ್ಡಿಗೆ ತಾಗಿಸಲೇಬೇಡಿ. ಕಾಲನ್ನು ಮೆಲ್ಲನೆ ಮೇಲಕ್ಕೆ ಬಾಗಿಸಿ, ಡಯೋಡ್, ರೆಸಿಸ್ಟರ್, ಕೆಪಾಸಿಟರ್ ಮೂರರ ತುದಿಯನ್ನೂ ಗಾಳಿಯಲ್ಲೇ ಬೆಸೆಯಿರಿ. ಮುದ್ರಿತ ಬೋರ್ಡ್ ಮಾಡಿಸುವವರು ಆ ಕಾಲಿನ ಸುತ್ತ 3ನೇ ಕಾಲಿಗೆ ಜೋಡಿಸಿದ ತಾಮ್ರದ ಉಂಗುರವನ್ನು ಎಳೆಯಬಹುದು, ಆದರೆ ಗಾಳಿಯ ಬೆಸುಗೆಯೇ ಹೆಚ್ಚು ಭದ್ರ. 0.6 ಮಿ.ಮೀ. 63/37 ತವರ-ಸೀಸದ ಬೆಸುಗೆ ತಂತಿ, ಐರನ್ನಿನ ತುದಿ 320-340 ಡಿಗ್ರಿ, ಒಂದೊಂದು ಕಾಲಿಗೆ ಮೂರು ಸೆಕೆಂಡಿನೊಳಗೆ. ಬಿಪಿಡಬ್ಲ್ಯು 34ರ ಮೈ ಪಾರದರ್ಶಕ ಎಪಾಕ್ಸಿ. ಹೆಚ್ಚು ಕಾಯಿಸಿದರೆ ಒಳಗಿನ ತಂತಿ ಸಡಿಲವಾಗುತ್ತದೆ. ಬೆಸುಗೆಗೂ ಮೈಗೂ ನಡುವೆ ಮೊಸಳೆ ಕ್ಲಿಪ್ ಹಿಡಿಸಿ.

ಬೆಸೆದಾದ ಮೇಲೆ 99 ಶೇಕಡ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ಷಿನಿಂದ ಎರಡು ಸಲ ತೊಳೆಯಿರಿ, ಎರಡನೆಯ ಸಲ ಹೊಸ ದ್ರವದಲ್ಲಿ. ರೆಸಿಸ್ಟರಿನ ಮೈಯನ್ನೂ ತೊಳೆಯಿರಿ, ಬೆರಳಿನ ಬೆವರೂ ಉಪ್ಪೇ. 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಪರೀಕ್ಷೆ ಹೀಗೆ: ಡಯೋಡನ್ನು ಪೂರ್ತಿ ಮುಚ್ಚಿ 1ನೇ ಕಾಲಿನ ವೋಲ್ಟೇಜನ್ನು 3ನೇ ಕಾಲಿನದರೊಂದಿಗೆ ಹೋಲಿಸಿ, ವ್ಯತ್ಯಾಸ 5 ಮಿಲಿವೋಲ್ಟಿನೊಳಗಿರಬೇಕು. ಬಳಿಕ ಬೋರ್ಡಿನ ಮೇಲೆ ಬಾಯಿಯಿಂದ ಬಿಸಿಯುಸಿರು ಬಿಡಿ. ವೋಲ್ಟೇಜು ಹತ್ತಾರು ಮಿಲಿವೋಲ್ಟ್ ಇಳಿದು ನಿಧಾನ ಮೇಲೇರಿದರೆ ಕೊಳೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಅಲುಗದಿದ್ದರೆ ತೇವ ತಡೆಯುವ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಎರಡು ತೆಳು ಪದರ ಹಾಕಿ. ಡಯೋಡಿನ ಮುಖಕ್ಕೆ ಟೇಪ್ ಅಂಟಿಸಿರಿ. ಕೊಳೆಯ ಮೇಲೆ ಕೋಟಿಂಗ್ ಹಾಕಿದರೆ ಕೊಳೆಯನ್ನು ಒಳಗೆ ಬೀಗ ಹಾಕಿದಂತಾಗುತ್ತದೆ.

ಲೆನ್ಸ್ ಮತ್ತು ಗಾಜುಗಳು

ಲೆನ್ಸನ್ನು ಅಂಟಿಸಬೇಡಿ. ಕರಾವಳಿಯಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುವುದು ಯಾವಾಗ ಎಂಬ ಪ್ರಶ್ನೆಯಷ್ಟೇ ಉಳಿದಿರುತ್ತದೆ, ಹಾಗಾಗಿ ಬಿಚ್ಚಲಾಗದ ಲೆನ್ಸ್ ಇರುವ ಉಪಕರಣ ನಮ್ಮಲ್ಲಿ ಒಂದೆರಡು ಮಳೆಗಾಲದ ಅತಿಥಿ. ಲೆನ್ಸಿನ ರಂಧ್ರ ಸುತ್ತಲೂ 0.05 ಮಿ.ಮೀ. ಸಡಿಲ ಇರಲಿ, ಹಿಂದೆ ಮೆಟ್ಟಿಲು, 1 ಮಿ.ಮೀ. ದಪ್ಪದ ಓ-ರಿಂಗ್, ಅದರ ಮೇಲೆ ತಿರುಪಿನ ಉಂಗುರ. ಓ-ರಿಂಗೇ ತೇವವನ್ನೂ ತಡೆಯುತ್ತದೆ. ಹಿಡಿಯುವಾಗ ಬೆರಳಿಗೆ ರಬ್ಬರ್ ಟೊಪ್ಪಿ, ಧೂಳಿಗೆ ರಬ್ಬರ್ ಬಲ್ಬಿನ ಗಾಳಿ, ಕಲೆಗೆ ಲೆನ್ಸ್ ಟಿಶ್ಯೂ ಮತ್ತು ಆಲ್ಕೋಹಾಲ್. ಬಾಯಿಯಿಂದ ಊದುವುದು ಬೇಡ.

ಬಾಟಲಿಯ ಮಧ್ಯದಿಂದ ಲೆನ್ಸಿಗೆ 30 ಮಿ.ಮೀ., ಫೋಕಲ್ ದೂರದ ಎರಡು ಪಟ್ಟು. ಹಾಗಿದ್ದರೆ ಲೆನ್ಸಿನಿಂದ ಡಯೋಡಿಗೂ 30 ಎಂದು ಪುಸ್ತಕದ ಲೆಕ್ಕ. ಆದರೆ ನೀರು ತುಂಬಿದ ಮೇಲೆ ಮೇಲೆ-ಕೆಳಗಿನ ದಿಕ್ಕಿನಲ್ಲಿ ಬಾಟಲಿಯ ಮಧ್ಯಭಾಗ ಸುಮಾರು 3 ಮಿ.ಮೀ. ಹತ್ತಿರ ಬಂದಂತೆ ವರ್ತಿಸುತ್ತದೆ, ಆ ದಿಕ್ಕಿನ ಬಿಂಬ 34 ಮಿ.ಮೀ. ಹತ್ತಿರ ಬೀಳುತ್ತದೆ. ಅಡ್ಡ ದಿಕ್ಕಿನಲ್ಲಿ ದುಂಡು ಗಾಜಿನಿಂದಾಗಿ ಅದು 30ರಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಹರಿತ ಮಾಡಲು ಒಂದು ಲೆನ್ಸಿಗೆ ಆಗದು. ಡಯೋಡನ್ನು 32 ಮಿ.ಮೀ.ನಲ್ಲಿ ಇಟ್ಟು ಮುಂದೆ ಸಾಗಿ. ಎರಡೂ ಕಡೆ ದೂರ ಹೆಚ್ಚು ಕಡಿಮೆ ಸಮವಾದ್ದರಿಂದ ಲೆನ್ಸಿನ ಉಬ್ಬು ಯಾವ ಕಡೆಗಿದ್ದರೂ ನಡೆಯುತ್ತದೆ.

ಎಲ್‌ಇಡಿಯ ಕೊಳವೆಯಲ್ಲಿ ಅದರ ತುದಿಯಿಂದ 5 ಮಿ.ಮೀ. ದೂರಕ್ಕೆ 3 ಮಿ.ಮೀ. ತೂತಿನ ತಡೆ, 35ಕ್ಕೆ ಇನ್ನೊಂದು. ನಡುವೆ ಕವರ್ ಗ್ಲಾಸಿನ ತುಂಡೊಂದು 45 ಡಿಗ್ರಿ ಓರೆಯಾಗಿ. ಒಂದೊಂದು ಮೈಯಿಂದ ಸುಮಾರು 5 ಶೇಕಡ, ಒಟ್ಟು ಹತ್ತಿರಹತ್ತಿರ 10 ಶೇಕಡ ಬೆಳಕನ್ನು ಇದು ಮೇಲಕ್ಕೆ, ಎರಡನೆಯ ಡಯೋಡಿಗೆ ತಿರುಗಿಸುತ್ತದೆ. ಪಕ್ಕಕ್ಕೆ ತಿರುಗಿಸಬೇಡಿ, ಆ ಬೆಳಕು ಅಳೆಯುವ ಡಯೋಡಿನ ಕಡೆ ಸೋರೀತು. ಈ ಗಾಜು ಯಾಕೆ ಬೇಕೆಂದರೆ, ಎಲ್‌ಇಡಿ ಒಂದು ಡಿಗ್ರಿ ಬಿಸಿಯಾದರೆ ಬೆಳಕು ಸುಮಾರು ಅರ್ಧ ಶೇಕಡ ಕುಗ್ಗುತ್ತದೆ; ಬೆಳಗಿನಿಂದ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರಿದರೆ 5 ಶೇಕಡ ಹೋಯಿತು. ಎರಡು ಡಯೋಡುಗಳ ಅನುಪಾತ ತೆಗೆದರೆ ಈ ತಪ್ಪು ಕರಗುತ್ತದೆ. ಕೊಳವೆಯ ಬಾಯಿಗೆ ಸ್ಲೈಡಿನ ತುಂಡಿನ ಕಿಟಕಿ.

ಅಕ್ಷ ಹೊಂದಿಸುವುದು

ಎಲ್‌ಇಡಿಯ ಬೆಳಕು ಅದರ ಮೈಯ ನೇರಕ್ಕೆ ಹೊರಡುತ್ತದೆ ಎಂದುಕೊಳ್ಳಬೇಡಿ. ರಂಧ್ರದಲ್ಲಿಟ್ಟು ತಿರುಗಿಸುತ್ತ ದೂರದ ಕಾಗದವನ್ನು ಫೋನ್ ಕ್ಯಾಮೆರಾದಲ್ಲಿ ನೋಡಿದರೆ ಬೆಳಕಿನ ಮಚ್ಚೆ ಸಣ್ಣ ವೃತ್ತ ಬರೆಯುತ್ತದೆ. ಹಾಗಾಗಿ 5.6 ಮಿ.ಮೀ. ರಂಧ್ರ, 120 ಡಿಗ್ರಿಗೊಂದರಂತೆ ಮೂರು ಎಂ2 ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು). ಡೆಲ್ರಿನ್ ಗೂಟವನ್ನು ಅದರ ರಂಧ್ರ ಕಿರಣದ ದಿಕ್ಕಿಗಿರುವಂತೆ ಇಟ್ಟು, ಆಚೆ ಬದಿಯ ಗುಂಡಿಯಲ್ಲಿ ತಾತ್ಕಾಲಿಕವಾಗಿ ಒಂದು ಡಯೋಡ್ ಇರಿಸಿ ರೀಡಿಂಗ್ ಅತಿ ಹೆಚ್ಚಾಗುವಂತೆ ಸ್ಕ್ರೂ ತಿರುಗಿಸಿ.

ಮುಂದೆ ಗೂಟವನ್ನು ಹೊರತೆಗೆದು, ಅದರ ರಂಧ್ರದ ನಡುವೆ ಪ್ಲಂಬರುಗಳ ಬಿಳಿ ಟೆಫ್ಲಾನ್ ಟೇಪಿನ ಸಣ್ಣ ಉಂಡೆ ತುರುಕಿ, ರಂಧ್ರ ಲೆನ್ಸಿನ ಕಡೆ ಕಾಣುವಂತೆ ಇಡಿ. ಗೂಟದ ಬದಿಯಲ್ಲಿ ಕಿರಣಕ್ಕಾಗಿ ಇನ್ನೊಂದು 2 ಮಿ.ಮೀ. ರಂಧ್ರ ನಡುವಿನವರೆಗೆ ಕೊರೆದಿರಬೇಕು. ಈಗ ನಡುಮಧ್ಯದಲ್ಲೊಂದು ಹೊಳೆಯುವ ಬಿಂದು ಸಿಕ್ಕಿತು. ಡಯೋಡಿನ ಬೋರ್ಡನ್ನು 3.5 ಮಿ.ಮೀ. ರಂಧ್ರಗಳಲ್ಲಿ ಎಂ2 ಸ್ಕ್ರೂ ಹಾಕಿ ಹಿಡಿಸಿದರೆ ಎಲ್ಲ ದಿಕ್ಕಿಗೂ 0.75 ಮಿ.ಮೀ. ಜರುಗಿಸಬಹುದು. ಡಯೋಡ್ ಅಗಲವಾದ್ದರಿಂದ ರೀಡಿಂಗಿನ ಶಿಖರ ಚಪ್ಪಟೆ. ಶಿಖರವನ್ನು ಹುಡುಕುತ್ತ ಕೂತರೆ ಪ್ರತಿ ಸಲ ಬೇರೆ ಜಾಗ ಬರುತ್ತದೆ. ಎರಡೂ ಬದಿಗೆ ರೀಡಿಂಗ್ ಸಮನಾಗಿ ಇಳಿಯತೊಡಗುವ ಜಾಗಗಳನ್ನು ಗುರುತಿಸಿ, ಅವುಗಳ ನಟ್ಟನಡುವೆ ನಿಲ್ಲಿಸಿ. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ.

ಅಂಟು

ಸೂಪರ್ ಗ್ಲೂ ಈ ಬ್ಲಾಕಿನ ಹತ್ತಿರಕ್ಕೂ ಬರಬಾರದು. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಸೀಲೆಂಟ್ ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೊಳ್ಳಿ. ಎಲ್‌ಇಡಿಗೂ ಕವರ್ ಗ್ಲಾಸಿಗೂ ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ಸಾಕು. ಎಲ್ಲ ಅಂಟೂ ಗಟ್ಟಿಯಾಗುವಾಗ ಕುಗ್ಗುತ್ತದೆ, ಒಂದೇ ಬದಿಗೆ ಹಚ್ಚಿದರೆ ಆ ಕಡೆಗೆ ಎಳೆಯುತ್ತದೆ. ಎಲ್‌ಇಡಿಯ ಸುತ್ತ ಸಮ ದೂರದಲ್ಲಿ ಮೂರು ಸಣ್ಣ ಚುಕ್ಕೆ ಇಡಿ. 24 ಗಂಟೆ ಸ್ಕ್ರೂಗಳನ್ನು ಮುಟ್ಟಬೇಡಿ. ಬಳಿಕ ಗೂಟ ಇಟ್ಟು ರೀಡಿಂಗ್ ಮತ್ತೆ ನೋಡಿ.

ಮುಚ್ಚುವ ದಿನ ಮುಖ್ಯ. ಮಳೆಯ ದಿನದ ಗಾಳಿಯನ್ನು ಒಳಗೆ ಸೇರಿಸಿ ಸೀಲ್ ಮಾಡಿದರೆ ರಾತ್ರಿ ತಣಿದಾಗ ಅದೇ ತೇವ ಕಿಟಕಿಯ ಒಳಮೈಗೆ ಕೂರುತ್ತದೆ. ತೆರೆದ ಬ್ಲಾಕನ್ನು ಎರಡು ದಿನ ಒಣ ಪೆಟ್ಟಿಗೆಯಲ್ಲಿಟ್ಟು, ಬ್ಲಾಕಿನೊಳಗಿನ ಪ್ರತಿ ಟೊಳ್ಳಿಗೂ 2 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರತೆಗೆದ ಕೂಡಲೇ ಮುಚ್ಚಿ.

ಕ್ಯಾಲಿಬ್ರೇಷನ್

ಎಡಿಎಸ್ 1115 ಸೆಕೆಂಡಿಗೆ 860 ಮಾದರಿ ತೆಗೆಯುವಂತೆ ಹೊಂದಿಸಿ. ಪ್ರತಿ ಡಯೋಡಿಗೂ ಎಲ್‌ಇಡಿ 200 ಮಿಲಿಸೆಕೆಂಡ್ ಉರಿಸಿ ಸರಾಸರಿ, 200 ಆರಿಸಿ ಸರಾಸರಿ, ಪ್ರತಿ ಸಲವೂ ಮೊದಲ ಕೆಲವು ಮಾದರಿ ಬಿಟ್ಟು. 200 ಮಿಲಿಸೆಕೆಂಡಿನಲ್ಲಿ 50 ಹರ್ಟ್ಸಿನ ಹತ್ತು ಸುತ್ತು ಮುಗಿಯುವುದರಿಂದ ಟ್ಯೂಬ್‌ಲೈಟಿನ ಮಿಡಿತ ಬಹುಪಾಲು ಅಳಿಯುತ್ತದೆ. ಚದುರಿದ ಬೆಳಕಿನ ವ್ಯತ್ಯಾಸವನ್ನು ಎಲ್‌ಇಡಿ ಕಾಯುವ ಡಯೋಡಿನ ವ್ಯತ್ಯಾಸದಿಂದ ಭಾಗಿಸಿದರೆ ಬರುವುದೇ ನಮ್ಮ ಸಂಖ್ಯೆ.

ಆ ಸಂಖ್ಯೆಯನ್ನು ಎನ್‌ಟಿಯುಗೆ ಹೊಂದಿಸಲು ಕದಡು ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣ ಬೇಕು. ಅದಕ್ಕೆ ಫಾರ್ಮಜಿನ್ 4000 ಎನ್‌ಟಿಯು ದ್ರಾವಣವನ್ನು ಸಿದ್ಧವಾಗಿಯೇ ಕೊಳ್ಳಿ. ತಯಾರಿಸಲು ಬೇಕಾದ ಹೈಡ್ರಜೀನ್ ಸಲ್ಫೇಟ್ ವಿಷಕಾರಿ. 10 ಮಿ.ಲೀ. ತೆಗೆದು 100ಕ್ಕೆ ತುಂಬಿದರೆ 400. ಆ 400ರ 25 ಮಿ.ಲೀ. 100ಕ್ಕೆ ತುಂಬಿದರೆ 100 ಎನ್‌ಟಿಯು, 5 ಮಿ.ಲೀ. ತುಂಬಿದರೆ 20. ಸಣ್ಣ ಸಾಂದ್ರತೆಗಳನ್ನು ಅದೇ ದಿನ ಬಳಸಿ ಚೆಲ್ಲಿ. ಸೊನ್ನೆಗೆ 0.2 ಮೈಕ್ರಾನ್ ಸೋಸಿದ ನೀರು. ಬಾಟಲಿಗೆ ಒಂದು ಗುರುತು ಹಾಕಿ ಯಾವಾಗಲೂ ಅದೇ ದಿಕ್ಕಿಗೆ ಇಡಿ, ಗೀರುಗಳಿಗೆ ತೆಳುವಾಗಿ ಸಿಲಿಕೋನ್ ಎಣ್ಣೆ ಸವರಿ ಒರೆಸಿ. 100 ದಾಟಿದ ಮೇಲೆ ನಮ್ಮ ಸಂಖ್ಯೆಗೂ ಎನ್‌ಟಿಯುಗೂ ನಡುವಿನ ನೇರ ಗೆರೆ ನಿಧಾನಕ್ಕೆ ಬಾಗತೊಡಗುತ್ತದೆ. ಜುಲೈಯ ಹೊಳೆ ನೀರನ್ನು ಸೋಸಿದ ನೀರಿನಲ್ಲಿ ಐದು ಪಟ್ಟು ತೆಳುಮಾಡಿ ಅಳೆದು ಗುಣಿಸಿ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಸೋಸಿದ ನೀರಿಗೂ ಸೊನ್ನೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಕಿಟಕಿಯ ಅಥವಾ ಲೆನ್ಸಿನ ಮೇಲೆ ಮಂಜು ಇಲ್ಲವೇ ಫಂಗಸ್. ಎಲ್‌ಇಡಿ ಆರಿಸಿದ ರೀಡಿಂಗ್ 0.1 ವೋಲ್ಟಿನಿಂದ ಕೆಳಗಿಳಿದು ಸೊನ್ನೆಗೇ ಅಂಟಿದರೆ 2ನೇ ಕಾಲಿನ ಸುತ್ತ ಸೋರಿಕೆ. 20 ಎನ್‌ಟಿಯು ದ್ರಾವಣ ಬಿಸಿಲ ದಿನ ಸರಿ, ಮಳೆಯ ದಿನ ಕಡಿಮೆ ತೋರಿಸಿದರೆ 10 ಮೆಗಾಓಮಿನ ಮೈಗೆ ತೇವ ತಗುಲಿದೆ. ಬಿಚ್ಚಿ, ತೊಳೆದು, ಒಣಗಿಸಿ. ಫ್ರಿಜ್ಜಿನಿಂದ ತೆಗೆದ ಮಾದರಿಯಲ್ಲಿ ರೀಡಿಂಗ್ ಏರುತ್ತಲೇ ಹೋದರೆ ಬಾಟಲಿಯ ಹೊರಮೈ ಬೆವರುತ್ತಿದೆ, ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಕುಣಿಯುವ ರೀಡಿಂಗ್ ಸಾಮಾನ್ಯವಾಗಿ ಗಾಳಿಗುಳ್ಳೆ. ಎರಡು ಮೂರು ನಿಮಿಷ ಬಿಟ್ಟು ಅಳೆಯಿರಿ.

ಮೇ ಕೊನೆಗೊಮ್ಮೆ, ಆಗಸ್ಟ್ ನಡುವೊಮ್ಮೆ ತಿರುಪಿನ ಉಂಗುರ ಬಿಚ್ಚಿ ಲೆನ್ಸನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ, ಜೆಲ್ ಪೊಟ್ಟಣ ಬದಲಿಸಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಆಲ್ಕೋಹಾಲಿನಿಂದ ಒರೆಸಿ. ಒರೆಸಿದ ಮೇಲೂ ಅದೇ ಗೆರೆಗಳು ಉಳಿದರೆ ಫಂಗಸ್ ಗಾಜನ್ನೇ ಕೊರೆದಿದೆ ಎಂದರ್ಥ. ಲೆನ್ಸ್ ಬದಲಿಸಿ, 20 ಮತ್ತು 100ರ ದ್ರಾವಣಗಳಲ್ಲಿ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ.